ಸತ್ಯಾಂಶ: ಪುಟ್ಟ ಕೋಳಿಯ ಬಾಯಿಗೆ ನೀರು ಸುರಿಯಬೇಡಿ

‘ಬೀದಿಯಲ್ಲಿ ಸಿಕ್ಕ ಪುಟ್ಟ ಕೋಳಿ ಹಸಿವಿನಿಂದ ಬೆಳೆಯದೆ ಉಳಿದದ್ದು, ಕೊಕ್ಕು ಬಿಡಿಸಿ ನೀರು ಸುರಿಯಿರಿ’ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಅದು ಬ್ಯಾಂಟಮ್ ಎಂಬ ಗಿಡ್ಡ ಕೋಳಿ ಇರಬಹುದು. ಈ ಕೋಳಿಗಳ ಗಾತ್ರವೇ ಅಷ್ಟು. ಮಲೇಷ್ಯಾದ ಸೆರಾಮ ತಳಿ ಪೂರ್ತಿ ಬೆಳೆದರೂ ಸಾಮಾನ್ಯವಾಗಿ ಅರ್ಧ ಕಿಲೋ ದಾಟುವುದಿಲ್ಲ. ಸೊರಗಿದೆಯಾ ಅಂತ ತಿಳಿಯಲು ಎದೆ ಮುಟ್ಟಿ ನೋಡಿ. ನಡುವಿನ ಮೂಳೆ ಕತ್ತಿಯ ಅಂಚಿನ ಹಾಗೆ ಕೈಗೆ ತಗುಲಿದರೆ ಪಾಪ, ಸೊರಗಿದೆ.

ಕೋಳಿಯ ಉಸಿರುನಾಳದ ಬಾಯಿ ನಾಲಿಗೆಯ ಹಿಂದೆಯೇ ಇದೆ. ಸುರಿದ ನೀರು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಮೊದಲು ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗಿಡಿ. ಆಮೇಲೆ ತಟ್ಟೆಯ ನೀರಿಗೆ ಕೊಕ್ಕಿನ ತುದಿ ಮಾತ್ರ ಅದ್ದಿ. ಮೂಗಿನ ತೂತು ಮುಳುಗಬಾರದು. ಕೋಳಿ ತಾನೇ ತಲೆ ಎತ್ತಿ ನುಂಗುತ್ತದೆ. ನುಂಗದಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಮನೆಯ ಬೇರೆ ಕೋಳಿಗಳಿಂದ ದೂರವಿರಲಿ.