ಮಂಗಳೂರು ಹಂಚಿನ ಲೆಕ್ಕ ಬಾಸೆಲ್‌ನಲ್ಲಿ ಸಿಗುತ್ತದೆ, ಬ್ಯಾಂಕಿನ ಲೆಕ್ಕ?

ಮಂಗಳೂರು ಹಂಚಿನ ಚರಿತ್ರೆ ಬರೆಯಬೇಕು ಅನ್ನುವವರು ಮಂಗಳೂರಿನಲ್ಲೇ ಕೂತು ಬರೆದು ಮುಗಿಸಲು ಆಗುವುದಿಲ್ಲ. ನಾನಿರುವ ಬಾಸೆಲ್‌ಗೂ ಒಮ್ಮೆ ಬರಬೇಕು. ಜರ್ಮನ್ ಮಾತಾಡುವ ಈ ಸ್ವಿಸ್ ಊರಿನಿಂದಲೇ 1834ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು ಮಂಗಳೂರಿಗೆ ಬಂದಿಳಿದದ್ದು. ಅಚ್ಚುಕೂಟ, ನೇಯ್ಗೆ ಎಲ್ಲ ಆದ ಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಶುರುಮಾಡಿದರು. ಧರ್ಮಪ್ರಚಾರದ ಜತೆ ವ್ಯಾಪಾರ ಬೆರೆಯಬಾರದು ಅಂತಲೋ ಏನೋ, ಮಿಶನ್ನಿನ ವ್ಯಾಪಾರಕ್ಕೆ 1859ರಲ್ಲೇ ಬೇರೆ ಕಂಪನಿ ಕಟ್ಟಿದ್ದರು. ಆಮೇಲೆ ಮೊದಲ ಮಹಾಯುದ್ಧ ಬಂತು. ಬ್ರಿಟಿಷರು ಇವರ ಕಾರ್ಖಾನೆಗಳನ್ನೆಲ್ಲ ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಕೊಟ್ಟರು.

ಅಂದರೆ ವ್ಯಾಪಾರ ಕೈತಪ್ಪಿ ನೂರು ವರ್ಷ ದಾಟಿದೆ. ಕಾಗದಪತ್ರ ಮಾತ್ರ ಇಲ್ಲಿ ಜೋಪಾನವಾಗಿದೆ. ಮಿಶನ್ನಿನ ಆರ್ಕೈವ್‌ನಲ್ಲಿ, ಅಂದರೆ ಹಳೆ ದಾಖಲೆ ಕಾಪಾಡುವ ಭಂಡಾರದಲ್ಲಿ, ಪತ್ರ, ವರದಿ, ನಕ್ಷೆ ಎಲ್ಲ ಪೆಟ್ಟಿಗೆ ಪೆಟ್ಟಿಗೆಯಾಗಿ ಜೋಡಿಸಿಟ್ಟಿದ್ದಾರೆ. ಬೇಕಾದ್ದನ್ನು ಕೇಳಿದರೆ ತಂದು ಮೇಜಿನ ಮೇಲೆ ಇಡುತ್ತಾರೆ. ಓದುವುದು ಮಾತ್ರ ನಮ್ಮ ಹಣೆಬರಹ. ಹಳೆ ಜರ್ಮನ್ ಕೈಬರಹ, ಇಂದಿನ ಜರ್ಮನರಿಗೇ ಅರ್ಧ ಅರ್ಥ ಆಗುವುದಿಲ್ಲ. ನಡುನಡುವೆ ಮಂಗಳೂರು, ಉಡುಪಿ, ಹುಬ್ಬಳ್ಳಿ ಅಂತ ಊರಿನ ಹೆಸರು ಕಂಡಾಗ ಜೀವ ಬರುತ್ತದೆ. ಸಾವಿರಾರು ಹಳೆ ಫೋಟೋಗಳನ್ನು ಆನ್‌ಲೈನ್‌ಗೂ ಹಾಕಿದ್ದಾರೆ, ಮನೆಯಲ್ಲೇ ಕೂತು ಸುಮ್ನೆ ನೋಡಬಹುದು.

ಇದು ಮಿಶನ್, ಧಾರ್ಮಿಕ ಸಂಸ್ಥೆ, ಕಾಗದ ಇಟ್ಟುಕೊಳ್ಳುವುದು ಅವರ ಸ್ವಭಾವ ಅನ್ನಬಹುದು. ಆದರೆ ಇದೇ ಊರಿನಲ್ಲಿ 1910ರಿಂದ ಸ್ವಿಸ್ ಆರ್ಥಿಕ ಆರ್ಕೈವ್ ಅಂತ ಇನ್ನೊಂದಿದೆ. ಈಗ ವಿಶ್ವವಿದ್ಯಾಲಯದ ಗ್ರಂಥಾಲಯದ ಜತೆಗಿದೆ. ಕಂಪನಿಗಳ ವಾರ್ಷಿಕ ವರದಿ, ಪತ್ರಿಕೆಗಳ ತುಣುಕು ಕೂಡಿಡುತ್ತದೆ. ಬಾಗಿಲು ಹಾಕಿದ ಕಂಪನಿಗಳ ದಾಖಲೆಯನ್ನೂ ತಂದು ಇಟ್ಟುಕೊಳ್ಳುತ್ತದೆ. ಯಾವ ಕಂಪನಿಯ ಕಾಗದ ದೇಶದ ಯಾವ ಆರ್ಕೈವ್‌ನಲ್ಲಿದೆ ಅನ್ನುವುದಕ್ಕೆ ಒಂದು ಪಟ್ಟಿಯನ್ನೂ ಮಾಡಿಟ್ಟಿದೆ. ನನಗೆ ಇದರಲ್ಲಿ ಜಾಸ್ತಿ ಹಿಡಿಸಿದ್ದು ಒಂದೇ ವಿಷಯ. ಇದು ಕಂಪನಿಯ ಹೊರಗಿದೆ. ಕಂಪನಿ ಮುಳುಗಿದರೆ ಅದರ ಜತೆ ಇದು ಮುಳುಗುವುದಿಲ್ಲ.

ಸ್ವಿಸ್‌ನವರು ಹುಟ್ಟಾ ಶಿಸ್ತಿನವರು ಅಂತ ಹೊಗಳಿ ಕೂರುವ ಆಸೆ ನನಗಿಲ್ಲ. 1997ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಯೂನಿಯನ್ ಬ್ಯಾಂಕ್ ಆಫ್ ಸ್ವಿಟ್ಜರ್ಲೆಂಡಿನ ಕಾವಲುಗಾರ ಕ್ರಿಸ್ಟೋಫ್ ಮೈಲಿ ಕಾಗದ ಚೂರು ಮಾಡುವ ಕೋಣೆಯಲ್ಲಿ ಹಳೆ ಲೆಕ್ಕದ ಪುಸ್ತಕಗಳನ್ನು ನೋಡಿದ. ಹಿಟ್ಲರನ ಕಾಲದ ದಾಖಲೆಗಳೂ ಅದರಲ್ಲಿದ್ದವು. ಅಂಥ ದಾಖಲೆ ನಾಶ ಮಾಡಬಾರದು ಅಂತ ಸಂಸತ್ತು ಹಿಂದಿನ ತಿಂಗಳಷ್ಟೇ ಕಾನೂನು ಮಾಡಿತ್ತು. ಆತ ಕೆಲವನ್ನು ಹೊರಗೆ ತಂದು ಜ್ಯೂರಿಕ್‌ನ ಯಹೂದಿ ಸಂಘಟನೆಗೆ ಕೊಟ್ಟ. ಬ್ಯಾಂಕಿನ ಗುಟ್ಟು ಹೊರಹಾಕಿದ ಅಂತ ತನಿಖೆ ಶುರುವಾದದ್ದು ಅವನ ಮೇಲೂ! ಕೊನೆಗೆ ಅಮೆರಿಕಕ್ಕೆ ಹೋದ. ಹಿಟ್ಲರನ ಕಾಲದಲ್ಲಿ ಸ್ವಿಸ್‌ನವರು ಏನು ಮಾಡಿದರು ಅಂತ ತನಿಖೆ ಮಾಡಲು ಸರ್ಕಾರ ನೇಮಿಸಿದ ಬೆರ್ಜಿಯೆ ಆಯೋಗ ಖಾಸಗಿ ಕಂಪನಿಗಳ ಕಪಾಟು ತೆರೆಸಿ 2002ರಲ್ಲಿ ವರದಿ ಮುಗಿಸಿತು. ಜಗತ್ತಿನ ಮುಂದೆ ಇಷ್ಟು ಮಾನ ಹೋದ ಮೇಲೆಯೇ ಇಲ್ಲಿ ಹಳೆ ಕಾಗದಕ್ಕೆ ಬೆಲೆ ಏರಿದ್ದು ಅಂತ ನನ್ನ ಲೆಕ್ಕ.

ಕಾನೂನು ನೋಡಿದರೆ ಎರಡೂ ಕಡೆ ಹೆಚ್ಚು ವ್ಯತ್ಯಾಸ ಇಲ್ಲ. ಇಲ್ಲಿ ಲೆಕ್ಕಪತ್ರ 10 ವರ್ಷ ಇಡಬೇಕು, ನಮ್ಮಲ್ಲಿ 2013ರ ಕಂಪನಿ ಕಾಯ್ದೆ ಪ್ರಕಾರ 8 ವರ್ಷ. ಅದಾದ ಮೇಲೆ ಏನು ಮಾಡಬೇಕು ಅಂತ ಈ ಕಾನೂನುಗಳು ಕೇಳುವುದಿಲ್ಲ. ಇಲ್ಲಾದರೆ ಆಗ ಫೋನ್ ಮಾಡಲು ಒಂದು ನಂಬರ್ ಇದೆ. ನಮ್ಮಲ್ಲಿ ಇರುವುದು ಗುಜರಿಯವನ ನಂಬರ್. ದೀಪಾವಳಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಲೆಕ್ಕದ ಪುಸ್ತಕವನ್ನೇ ಆಮೇಲೆ ಕಿಲೋ ಲೆಕ್ಕದಲ್ಲಿ ತೂಗುತ್ತೇವೆ.

ನಮ್ಮ ಕರಾವಳಿಯನ್ನೇ ತಗೊಳ್ಳಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಬ್ಯಾಂಕ್ ಹೇಗೆ ಹುಟ್ಟಿದವು ಅಂತ ಹೊರಗಿನವರು ಈಗಲೂ ಕೇಳುತ್ತಾರೆ. ಇವತ್ತು ಆ ನಾಲ್ಕರಲ್ಲಿ ಉಳಿದದ್ದು ಕೆನರಾ ಒಂದೇ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ.

ಸಿಂಡಿಕೇಟ್ ಶುರುವಾದದ್ದು 8000 ರೂಪಾಯಿ ಬಂಡವಾಳದಲ್ಲಿ, ಸೋತು ಹೋಗಿದ್ದ ನೇಕಾರರಿಗೆ ಆಸರೆಯಾಗಲು. 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ತಂದರು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯಾದರೂ ವಸೂಲಿ ಮಾಡಿ ಬರೆದುಕೊಂಡು ಹೋಗುತ್ತಿದ್ದ. ಆ ಕಾಲದ ಒಂದೇ ಒಂದು ಪಿಗ್ಮಿ ಲೆಡ್ಜರ್ ಕೈಗೆ ಸಿಕ್ಕರೆ ಏನೆಲ್ಲ ಓದಬಹುದು ಯೋಚಿಸಿ. ದೋಣಿ ಇಳಿಯದ ಮಳೆಗಾಲದಲ್ಲಿ ಮೀನು ಮಾರುವ ಹೆಂಗಸಿನ ಸಾಲು ಖಾಲಿ ಬಿದ್ದಿತ್ತೇ? ಬೀಡಿ ಕಟ್ಟುವವರು ಹಬ್ಬದ ವಾರದಲ್ಲಿ ದುಡ್ಡು ಕಟ್ಟುತ್ತಿದ್ದರೇ? ಮದುವೆ ಸೀಸನ್ ಮುಂಚೆ ಎಷ್ಟು ಜನ ದುಡ್ಡು ತೆಗೆದರು? ಬಡವರು ಹೇಗೆ ಬದುಕಿದರು ಅನ್ನುವುದನ್ನು ದಿನದಿನದ ಲೆಕ್ಕದಲ್ಲಿ ಹೇಳುವ ಇಂಥ ದಾಖಲೆ ಬೇರೆ ಎಲ್ಲಿ ಸಿಗಬೇಕು?

ಬ್ಯಾಂಕೊಂದರಲ್ಲಿ ದುಡಿದು ನಿವೃತ್ತರಾದ ನಮ್ಮ ಮಾಮನನ್ನು ಕೇಳಿದೆ, ಹಳೆ ಲೆಡ್ಜರ್ ಎಲ್ಲ ಏನಾಯಿತು ಅಂತ. “ಏನಾಗ್ತದೆ ಮಾರಾಯ, ಗೆದ್ದಲು ಹಿಡಿದಿತ್ತು. ಬ್ರಾಂಚ್ ಶಿಫ್ಟ್ ಮಾಡುವಾಗ ಲಾರಿಗೆ ತುಂಬಿಸಿ ಕಳಿಸಿದೆವು. ಜಾಗ ಖಾಲಿ ಆಯ್ತು ಅಂತ ಖುಷಿ ಆಗಿತ್ತು.” ಅವರದ್ದು ತಪ್ಪು ಅನ್ನಲಾರೆ. ಯಾರೂ ಬೇಡ ಅಂದಿರಲಿಲ್ಲ, ಅಲ್ವಾ?

ಕಾನೂನು ಬೇಡ ಅಂದಿತ್ತು ಅನ್ನುವುದು ಬೇರೆ ಮಾತು. 1993ರ ಸಾರ್ವಜನಿಕ ದಾಖಲೆ ಕಾಯ್ದೆ ಕೇಂದ್ರದ ಸಾರ್ವಜನಿಕ ಉದ್ಯಮಗಳಿಗೂ ಅನ್ವಯಿಸುತ್ತದೆ. ಕ್ರಮ ತಪ್ಪಿ ದಾಖಲೆ ನಾಶ ಮಾಡಿದರೆ ಐದು ವರ್ಷದವರೆಗೆ ಜೈಲು ಅಂತಲೂ ಅದರಲ್ಲಿದೆ. ಆದರೆ ಜೈಲಿನ ಹೆದರಿಕೆಯಿಂದ ಲೆಡ್ಜರ್ ಉಳಿಯುವುದಿಲ್ಲ, ಇಡಲು ಜಾಗ ಬೇಕು.

ಭಾರತದಲ್ಲಿ ಒಳ್ಳೆ ಮಾದರಿ ಇಲ್ಲ ಅಂತಲ್ಲ. ಪುಣೆಯಲ್ಲಿ ಟಾಟಾದವರದ್ದಿದೆ, ರಿಸರ್ವ್ ಬ್ಯಾಂಕಿನದ್ದೂ ಇದೆ. ಮುಂಬೈಯಲ್ಲಿ ಗೋದ್ರೇಜ್‌ನವರದ್ದಿದೆ. ಚೆನ್ನಾಗಿಯೇ ನಡೆಸುತ್ತಾರೆ. ಆದರೆ ಅವು ಬದುಕಿರುವ, ಅನುಕೂಲಸ್ಥ ಮನೆಗಳ ಆರ್ಕೈವ್. ನಮ್ಮ ಹಂಚಿನ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ವಿಲೀನವಾದ ಬ್ಯಾಂಕ್ ಯಾರ ಮನೆಗೆ ಹೋಗಬೇಕು? ಹಾಗಾಗಿ ನಮಗೆ ಬೇಕಾದದ್ದು ಟಾಟಾ ಮಾದರಿಗಿಂತ ಬಾಸೆಲ್ ಮಾದರಿ, ಇಡೀ ಕರಾವಳಿಗೆ ಒಂದು.

ಗ್ರಾಹಕರ ಗುಟ್ಟು ಹೊರಬೀಳುತ್ತದೆ ಅಂತ ಬ್ಯಾಂಕಿನವರು ಹೇಳುತ್ತಾರೆ. ಇಷ್ಟು ವರ್ಷ ಯಾರಿಗೂ ತೋರಿಸಬೇಡಿ ಅಂತ ಕರಾರು ಬರೆದುಕೊಂಡೇ ಕೊಡಲಿ. ಒಡೆತನವೂ ಅವರದ್ದೇ ಇರಲಿ. ಇಲ್ಲಿ ಹಾಗೆ ಕೊಡುವವರಿದ್ದಾರೆ. ದುಡ್ಡಿನ ಮಾತಿಗೆ ಬಂದರೆ, ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಸಿಎಸ್‌ಆರ್ ಹಣದ ಪಟ್ಟಿಯಲ್ಲಿ ಪರಂಪರೆ ಉಳಿಸುವ ಕೆಲಸವೂ ಸೇರಿದೆ. ಹಳೆ ಕಟ್ಟಡಕ್ಕೆ ಸುಣ್ಣ ಬಳಿಯಲು ಅದು ಸಿಗುವುದಾದರೆ ಕಟ್ಟಡದೊಳಗಿನ ಕಾಗದಕ್ಕೂ ಕೇಳಿ ನೋಡಬಹುದು. ಕೆಲಸ ಗೊತ್ತಿರುವವರೂ ಇದ್ದಾರೆ. ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ನಿನ ಹಳೆ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದ್ದಾರೆ.

ಮೊದಲು ಯಾರ ಬಾಗಿಲು ತಟ್ಟಬೇಕು ಅಂದರೆ, 1924ರಲ್ಲಿ ಹುಟ್ಟಿ ನೂರು ದಾಟಿದ ಕರ್ಣಾಟಕ ಬ್ಯಾಂಕಿನದ್ದು. ವಿಲೀನವಾಗದೆ, ಮುಖ್ಯ ಕಚೇರಿಯನ್ನು ಮಂಗಳೂರಿನಲ್ಲೇ ಇಟ್ಟುಕೊಂಡು ಅದು ಈಗಲೂ ನಡೆಯುತ್ತಿದೆ. ವಿಲೀನದ ಗಡಿಬಿಡಿಯಲ್ಲಿ ಕೇಳುವುದಕ್ಕಿಂತ ಈಗ ಕೇಳುವುದು ಸುಲಭ.