ಕಿತ್ತಳೆ ಸಿಪ್ಪೆ ಎಲ್ಲಿ ಹೋಯ್ತು?

ನಿನ್ನೆ ಸಂಜೆ ಓಬೋ ಪೆಟ್ಟಿಗೆ ತೆರೆದರೆ ಒಳಗೆ ಕಿತ್ತಳೆ ಸಿಪ್ಪೆ ಇರಲಿಲ್ಲ. ಓಬೋ ಅಂದರೆ ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲಿ ನಾನು ಊದುವ ಮರದ ವಾದ್ಯ, ನಮ್ಮ ಓಲಗದ ದೂರದ ನೆಂಟ. ರಿಹರ್ಸಲ್‌ಗೆ ಹೊರಡಲು ಇಪ್ಪತ್ತೇ ನಿಮಿಷ ಬಾಕಿ. "ಅಮ್ಮಾ, ಇಲ್ಲಿದ್ದ ಸಿಪ್ಪೆ?" ಎಂದು ಕೂಗಿದೆ. ಸಾಸಿವೆ ಚಟಪಟದ ನಡುವೆ ಉತ್ತರ ಬಂತು: "ಗೊಜ್ಜಿಗೆ ಹಾಕಿದೆ ಕಣೋ. ಎಷ್ಟು ಚೆನ್ನಾಗಿತ್ತು, ಸುಮ್ನೆ ಆ ಡಬ್ಬೀಲಿ ಒಣಗ್ತಾ ಇತ್ತು!"

ಅದು ಒಣಗುತ್ತಾ ಇದ್ದದ್ದೇ ಓಬೋ ಒಣಗದಿರಲಿ ಅಂತ. ಆದರೆ ಒಗ್ಗರಣೆ ಹೊತ್ತಿನಲ್ಲಿ ಅಮ್ಮನಿಗೆ ವಿಜ್ಞಾನ ಹೇಳುವ ಧೈರ್ಯ ಯಾರಿಗಿದೆ?

ಷಿಕಾಗೋದ ಜನವರಿ ಅಂದರೆ ಹೊರಗೆ ಹಿಮ, ಒಳಗೆ ಹೀಟರ್. ಆ ಗಾಳಿಗೆ ತುಟಿ ಬಿರಿಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಓಬೋ ಕೂಡ ಬಿರಿಯುತ್ತದೆ. ತುಟಿಗಾದರೆ ವ್ಯಾಸಲೀನ್ ಇದೆ. ಓಬೋದ ಮರ ತಾಂಜಾನಿಯಾ, ಮೊಜಾಂಬಿಕ್ ಕಡೆಯದು, ನಮ್ಮ ಬೀಟೆಯ ದಾಯಾದಿ, ಕಬ್ಬಿಣದಂಥ ಗಟ್ಟಿ. ಆದರೂ ಒಳಗೆ ನನ್ನ ಬಿಸಿ ಉಸಿರು, ಹೊರಗೆ ಒಣ ಚಳಿ. ಒಳಮೈ ಹಿಗ್ಗುತ್ತೇನೆ ಅನ್ನುತ್ತದೆ, ಹೊರಮೈ ಕೂಡದು ಅನ್ನುತ್ತದೆ. ಹೋದ ಚಳಿಗಾಲ ಮೇಲಿನ ತುಂಡಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಮೂಳೆ ಮುರಿದವರಿಗೆ ಹಾಕುವಂತೆ ಪಿನ್ ಹಾಕಿಸಬೇಕಾಯಿತು. ಅಂದಿನಿಂದ ಪೆಟ್ಟಿಗೆಯಲ್ಲಿ ಕಿತ್ತಳೆ ಸಿಪ್ಪೆ ಇಡುತ್ತೇನೆ. ಹಳೆಯ ಓಬೋದವರ ಮನೆಮದ್ದು ಅದು. ತೇವ ನಿಲ್ಲುತ್ತದೆ, ವಾಸನೆಯೂ ಚೆನ್ನ.

ಆ ಪೆಟ್ಟಿಗೆಯಲ್ಲಿ ನನ್ನ ಹತ್ತು ವರ್ಷದ ಎಂಜಲು ಇದೆ ಎಂಬುದನ್ನು ಅಮ್ಮನಿಗೆ ಹೇಳಿಲ್ಲ. ಗೊಜ್ಜು ಆಗಲೇ ಕುದಿಯುತ್ತಿತ್ತು.

ಅಮ್ಮ ಮೈಸೂರಿನಿಂದ ಬಂದು ಎರಡು ತಿಂಗಳು. ಬಂದ ಮೂರನೇ ದಿನವೇ ಮನೆ 'ಸರಿ ಮಾಡಲು' ಶುರು. ಓಬೋ ಚೀಲದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಚೂರಿ, ಒಂದು ಹಕ್ಕಿ ಗರಿ, ನಲ್ಲಿ ರಿಪೇರಿಯ ಟೇಪು ಮತ್ತು ಸಿಗರೇಟ್ ಸುತ್ತುವ ಕಾಗದದ ಎರಡು ಪಾಕೀಟು. ಎರಡು ದಿನ ಮೌನ. ಮೂರನೆಯ ದಿನ ನನ್ನ ಮುಂದೆ ಕಾಫಿ ಇಟ್ಟು, ಗೋಡೆ ನೋಡುತ್ತಾ ಹೇಳಿದರು: "ಸೇದೋದಾದ್ರೆ ಸೇದು. ಸುಳ್ಳು ಮಾತ್ರ ಹೇಳಬೇಡ."

ವಾದ್ಯ ತಂದು ತೋರಿಸಿದೆ. ನೋಡಮ್ಮಾ, ಉಸಿರು ತಣ್ಣಗಾಗಿ ನೀರಾಗುತ್ತದೆ. ಆ ನೀರು ಸಣ್ಣ ತೂತಿಗೆ ಇಳಿದರೆ ಸ್ವರ ಗುಳುಗುಳು ಅನ್ನುತ್ತದೆ. ಆಗ ತೂತು ಮುಚ್ಚುವ ಕೀಲಿಯ ಕೆಳಗೆ ಈ ತೆಳು ಕಾಗದ ತೂರಿಸಿ ಒತ್ತಿದರೆ ನೀರು ಹೀರುತ್ತದೆ. ಪ್ರಪಂಚದ ಓಬೋದವರೆಲ್ಲ ಇದನ್ನೇ ಮಾಡೋದು. ಅಮ್ಮ ಗಂಭೀರವಾಗಿ ಕೇಳಿಸಿಕೊಂಡು, "ಒರೆಸೋಕೆ ಒಂದು ಬಟ್ಟೆ ಇಲ್ವಾ ಪ್ರಪಂಚದಲ್ಲಿ?" ಎಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ನಿನ್ನೆಯ ರಿಹರ್ಸಲ್‌ಗೆ ಬರುತ್ತೇನೆ. ಆರ್ಕೆಸ್ಟ್ರಾದಲ್ಲಿ ಶ್ರುತಿ ಕೊಡುವುದು ಓಬೋ. ಅದರ ದನಿ ಎಂಥ ಗದ್ದಲದಲ್ಲೂ ಕಿವಿಗೆ ನಾಟುತ್ತದೆ. 440 ಹರ್ಟ್ಜ್‌ನ 'ಎ' ಸ್ವರ ನಾನು ಹಿಡಿಯಬೇಕು, ಅರವತ್ತು ಜನ ಅದಕ್ಕೆ ಸೇರಿಸಿಕೊಳ್ಳಬೇಕು. ಸದ್ದಡಗಿತು. ಊದಿದೆ. ಹುಕ್ಕಾ ಎಳೆದಂತೆ ಗುಳುಗುಳು!

ಕಾಗದಕ್ಕೆ ಚೀಲದಲ್ಲಿ ಕೈ ಹಾಕಿದೆ. ಕಾಗದ ಇಲ್ಲ. ಅದರ ಜಾಗದಲ್ಲಿ ಅಪ್ಪನ ಹಳೇ ಪಂಚೆಯ ಆರು ತುಂಡುಗಳು, ಒಂದೇ ಅಳತೆ, ನೀಟಾಗಿ ಮಡಚಿದ್ದವು. ಅಷ್ಟೇ ಆಗಿದ್ದರೂ ಪರವಾಗಿಲ್ಲ. ನಾಲ್ಕೂ ಅಂಚಿಗೆ ಕೈಹೊಲಿಗೆ ಹಾಕಿದ್ದರು! ಮಡಿಸಿ ಹೊಲಿದ ಅಂಚು ನನ್ನ ಕೀಲಿಯ ಸಂದಿನಲ್ಲಿ ಹೇಗೆ ತೂರೀತು? ಮೂಲೆಯಿಂದ ತಳ್ಳಿದೆ. ಹಲ್ಲಲ್ಲಿ ಹೊಲಿಗೆ ಬಿಚ್ಚಲು ನೋಡಿದೆ. ಅಮ್ಮನ ಹೊಲಿಗೆ, ಬಿಚ್ಚಲಿಲ್ಲ. ಅರವತ್ತು ಜನ ನೋಡುತ್ತಿದ್ದಾರೆ, ನಾನು ಪಂಚೆ ಕಚ್ಚಿಕೊಂಡು ಕೂತಿದ್ದೇನೆ. ಕಂಡಕ್ಟರ್ ಕೋಲನ್ನು ಸ್ಟ್ಯಾಂಡ್ ಮೇಲೆ ಮಲಗಿಸಿದರು. ಕೊನೆಗೆ ಹಾಲಿನ ಕೆನೆ ಸರಿಸುವ ಹಾಗೆ ತೂತಿಗೆ ಬಾಯಿಟ್ಟು ಉಫ್ ಉಫ್ ಎಂದು ಊದಿ ನೀರು ಓಡಿಸಿದೆ. ಆ ಗಡಿಬಿಡಿಗೆ ವಾದ್ಯದ ತುದಿಗೆ ಸಿಕ್ಕಿಸಿ ಬಾಯಲ್ಲಿಟ್ಟು ಊದುವ ಹೊಸ ಪೀಪಿಯೂ ಸೇರಿ 'ಎ' ಬಂದದ್ದು 446ಕ್ಕೆ. ಯಾರೂ ಏನೂ ಅನ್ನಲಿಲ್ಲ. ಅರವತ್ತು ಜನವೂ ನನ್ನ ತಪ್ಪಿಗೆ ಶ್ರುತಿ ಸೇರಿಸಿಕೊಂಡರು.

ಪೀಪಿಯ ಕಥೆ ಬೇರೆ. ದಕ್ಷಿಣ ಫ್ರಾನ್ಸಿನ ವಾರ್ ಸೀಮೆಯ ಜೊಂಡು ತರಿಸಿ, ದಾರ ಸುತ್ತಿ, ಗಂಟೆಗಟ್ಟಲೆ ಕೆರೆಯಬೇಕು. ಅದರ ನಡುಭಾಗಕ್ಕೆ 'ಹೃದಯ' ಅಂತಲೇ ಹೆಸರು. ಒಂದು ಗೀರು ಜಾಸ್ತಿಯಾದರೆ ಸತ್ತಿತು. ಚೆನ್ನಾಗಿ ಬಂದದ್ದೂ ಹತ್ತು ಹದಿನೈದು ಗಂಟೆ ಬಾಳುತ್ತದೆ, ಅಷ್ಟೇ.

ಮನೆಗೆ ವಾಪಸು ಬರುವಾಗ ಯಾಕೋ ಚಿಕ್ಕಂದಿನ ಒಂದು ಮದುವೆ ನೆನಪಾಯಿತು. ಓಲಗದವರ ಎದುರು ಕೂತು ನಾವು ಮೂವರು ಹುಡುಗರು ಬೇಕೆಂದೇ ಹುಣಸೆ ಚಿಗಳಿ ಚೀಪಿದ್ದೆವು, ಅವರ ಬಾಯಲ್ಲಿ ನೀರೂರಿ ಸ್ವರ ಕೆಡಲಿ ಅಂತ. ಕೆಟ್ಟಿತು ಕೂಡ. ಆತ ಬೈಯಲಿಲ್ಲ. ವಾದ್ಯಕ್ಕೆ ದಾರದಲ್ಲಿ ಪೀಪಿಗಳ ಗೊಂಚಲು ಜೋತಾಡುತ್ತಿತ್ತು. ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿ, ನಾಲಿಗೆಗೊಮ್ಮೆ ತಾಗಿಸಿಕೊಂಡರು. ಅಷ್ಟರಲ್ಲಿ ಪುರೋಹಿತರು "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ತಾಳಿ ಕಟ್ಟುವ ಹೊತ್ತಿಗೆ ಓಲಗ ಚಪ್ಪರ ಹಾರಿಹೋಗುವಂತೆ ಮೊಳಗಿತು. ಮುಹೂರ್ತ ಯಾರಿಗೂ ಕಾಯುವುದಿಲ್ಲ, ಒಂದು ನಿಮಿಷ ತಡೀರಿ, ನೀರು ಒರೆಸ್ಕೋತೀನಿ ಅನ್ನುವ ಹಾಗಿರಲಿಲ್ಲ ಆತನಿಗೆ. ಈಗ ಎದುರು ಸಿಕ್ಕರೆ ಕ್ಷಮೆ ಕೇಳಿ, ಆ ಪೀಪಿ ಹೇಗೆ ಕೆರೀತಿದ್ರಿ ಅಂತಲೂ ಕೇಳಿಬಿಡುತ್ತಿದ್ದೆ.

ಮನೆ ಸೇರಿದಾಗ ರಾತ್ರಿ ಹತ್ತು. ಅಮ್ಮ ಬಿಸಿ ಅನ್ನಕ್ಕೆ ಗೊಜ್ಜು ಬಡಿಸಿದರು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಚೆನ್ನಾಗೇ ಇತ್ತು.

"ಬಟ್ಟೆ ಉಪಯೋಗಕ್ಕೆ ಬಂತಾ?"

"ಬಂತು" ಎಂದೆ.

"ನಂಗೊತ್ತಿತ್ತು. ಇನ್ನೂ ಎರಡು ಪಂಚೆ ಇದೆ, ನಾಳೆ ಹೊಲಿದಿಡ್ತೀನಿ."