ಒಂದೂವರೆ ಯೂರೊ ಮತ್ತು ‘ನಮ್ಮೋರೊಬ್ರು ಇದಾರೆ’

ಮಂಗನ ಕಾಯಿಲೆಯ ಬಗ್ಗೆ 1957ರಲ್ಲಿ ಬರೆದ ಲೇಖನವೊಂದು ಹೋದ ಚಳಿಗಾಲದಲ್ಲಿ ನನಗೆ ಜರ್ಮನಿಯಲ್ಲಿ ಸಿಕ್ಕಿತು. ಕೊಟ್ಟ ದುಡ್ಡು ಒಂದೂವರೆ ಯೂರೊ. ಆ ಕಾಯಿಲೆ ಮೊದಲು ಕಾಣಿಸಿಕೊಂಡ ಕ್ಯಾಸನೂರು ಕಾಡು ಇರುವುದು ಸೊರಬ ತಾಲ್ಲೂಕಿನಲ್ಲಿ, ನಾನು ಹುಟ್ಟಿದ್ದು ಪಕ್ಕದ ಸಾಗರದಲ್ಲಿ. ಲೇಖನ ಅಚ್ಚಾಗಿದ್ದು ನಮ್ಮ ದೇಶದ್ದೇ ಪತ್ರಿಕೆಯಾದ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ನಲ್ಲಿ. ಬರೆದವರ ಪಟ್ಟಿಯಲ್ಲಿ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಎಂಬ ಅಮೆರಿಕನ್ನರ ಜತೆಗೆ ನರಸಿಂಹ ಮೂರ್ತಿ, ಲಕ್ಷ್ಮಣ ರಾವ್ ಎಂಬ ಹೆಸರುಗಳೂ ಇವೆ. ಕಾಡು ನಮ್ಮದು, ಮಂಗ ನಮ್ಮದು, ಜ್ವರ ಬಂದು ಮಲಗಿದವರು ನಮ್ಮವರು. ಓದಬೇಕೆಂದರೆ ಜರ್ಮನಿಯ ಫ್ರೈಬುರ್ಗಿನ ಲೈಬ್ರರಿ ಕೌಂಟರಿಗೆ ಹೋಗಬೇಕು. ಖುಷಿಪಡಬೇಕೋ ಉರಿದುಕೊಳ್ಳಬೇಕೋ ತಿಳಿಯಲಿಲ್ಲ, ಎರಡೂ ಆಯಿತು.

ಇಲ್ಲಿ ನನ್ನ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ದಕ್ಷಿಣ ಜರ್ಮನಿಯಲ್ಲೂ ಉಣುಗು ಕಚ್ಚಿ ಮಿದುಳಿಗೆ ಏರುವ ಜ್ವರವೊಂದಿದೆ. ಅದರ ವೈರಸ್ಸೂ ಮಂಗನ ಕಾಯಿಲೆಯ ವೈರಸ್ಸೂ ದಾಯಾದಿಗಳು. ಹಳೆಯ ರೋಗಿಗಳಲ್ಲಿ ಜ್ವರ ಒಮ್ಮೆ ಬಿಟ್ಟು ಮತ್ತೆ ಬಂದ ಬಗೆ ಹೇಗಿತ್ತು ಅಂತ ನೋಡಲು ಮೂಲ ವರದಿಯೇ ಬೇಕಿತ್ತು. ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿದರೆ ತಲೆಬರಹ ಬಂತು, ಒಳಗೇನೂ ಇಲ್ಲ. ಊರಿನ ಗೆಳೆಯರೆಲ್ಲ ಒಂದೇ ರಾಗ: “ಸೈ-ಹಬ್ ನೋಡೋ ಮಾರಾಯ.” ದುಡ್ಡು ಕೊಟ್ಟು ಓದಬೇಕಾದ ಲೇಖನಗಳನ್ನು ಹಕ್ಕುಸ್ವಾಮ್ಯ ಲೆಕ್ಕಿಸದೆ ಪುಕ್ಕಟೆ ಕೊಡುವ ಜಾಲತಾಣ ಅದು. ಅರವತ್ತೆಂಟು ವರ್ಷದ ಹಿಂದಿನ ಭಾರತೀಯ ಪತ್ರಿಕೆಯ ಲೇಖನಕ್ಕೆ ಅಲ್ಲಿ ಹುಡುಕಲು ಬೇಕಾದ ಡಿಒಐ ಎಂಬ ಗುರುತಿನ ಸಂಖ್ಯೆ ಎಲ್ಲಿಂದ ತರಲಿ? ಅದೂ ಅಲ್ಲದೆ 2025ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟು ಭಾರತದಲ್ಲಿ ಆ ಬಾಗಿಲನ್ನೇ ಮುಚ್ಚಿಸಲು ಹೇಳಿದೆ.

ಅದಕ್ಕೂ ಮುಂಚೆ, ರಜೆಗೆ ಊರಿಗೆ ಹೋದಾಗ ನಮ್ಮ ಕಡೆಯ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಗೆ ಹೋಗಿದ್ದೆ. ಬಾಗಿಲಲ್ಲಿ ರಿಜಿಸ್ಟರ್, ರಿಜಿಸ್ಟರಿಗೆ ದಾರದಿಂದ ಕಟ್ಟಿದ ಪೆನ್ನು. ಒಳಗಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾವ ಬ್ಯಾಚು ಸರ್?” ಅಂದರು. ನಾನು ಹೊರಗಿನವನು ಅಂದೆ. “ಹಾಗಾದ್ರೆ ಪ್ರಿನ್ಸಿಪಾಲ್ರ ಲೆಟರ್ ಬೇಕು.” ಪ್ರಿನ್ಸಿಪಾಲರು ಮೀಟಿಂಗಿನಲ್ಲಿದ್ದರು. ಎಚ್‌ಒಡಿ ಸಹಿ ಆದೀತಾ? ಎಚ್‌ಒಡಿ ರಜೆ. ದುಡ್ಡು ಕೊಡುತ್ತೇನೆ, ಪುಟಕ್ಕೆ ಇಷ್ಟು ಅಂತ ಹೇಳಿ ಅಂದೆ. ಆ ಮನುಷ್ಯ ನಿಜಕ್ಕೂ ಬೇಜಾರು ಮಾಡಿಕೊಂಡರು. “ದುಡ್ಡಿನ ಪ್ರಶ್ನೆ ಅಲ್ಲ ಸರ್, ನಾವು ಯಾರ ಹತ್ರನೂ ದುಡ್ಡು ತಗೊಳಲ್ಲ. ಇದೆಲ್ಲ ಫ್ರೀ ಸರ್ವಿಸ್.” ಫ್ರೀ ಸರ್ವಿಸ್ಸಿನ ಫಲಕ ಅವರ ಹಿಂದೆ ಗೋಡೆಯ ಮೇಲೂ ಇತ್ತು, ಕ್ಯಾಲೆಂಡರಿನ ಪಕ್ಕ.

ಸಂಜೆ ಭಾವನ ಹತ್ತಿರ ಹೇಳಿದೆ. ಭಾವ ಕಾಫಿ ಲೋಟ ಕೆಳಗಿಟ್ಟು, “ಮೊದ್ಲೇ ಹೇಳೋದಲ್ವಾ, ನಮ್ಮೋರೊಬ್ರು ಇದಾರೆ” ಅಂದರು. ಆ ನಮ್ಮೋರು ಇದ್ದದ್ದು ಬೇರೆ ಊರಿನ ಬೇರೆ ಕಾಲೇಜಿನಲ್ಲಿ. ರಾತ್ರಿ ಹನ್ನೊಂದರ ಹೊತ್ತಿಗೆ ವಾಟ್ಸಾಪಿನಲ್ಲಿ ಪಟಪಟ ಅಂತ ಫೋಟೊಗಳು ಬಂದವು. ಬೌಂಡ್ ವಾಲ್ಯೂಮ್ ದಪ್ಪವಿದ್ದುದರಿಂದ ಹೊಲಿಗೆಯ ಕಡೆಯ ಅಕ್ಷರಗಳು ಒಳಕ್ಕೆ ಬಾಗಿದ್ದವು. ಪ್ರತಿ ಪುಟದ ಮೂಲೆಯಲ್ಲಿ ಒಂದು ಹೆಬ್ಬೆರಳು. ನನಗೆ ಬೇಕಾಗಿದ್ದ ಕೋಷ್ಟಕದ ಎಡಭಾಗ ಸರಿಯಾಗಿ ಆ ಹೆಬ್ಬೆರಳ ಅಡಿಯಲ್ಲೇ ಇತ್ತು. ಮತ್ತೊಮ್ಮೆ ಕಳಿಸಿ ಎನ್ನುವಷ್ಟು ಮುಖ ನನಗಿರಲಿಲ್ಲ. ಪುಕ್ಕಟೆ ಕೊಟ್ಟವರ ಹತ್ತಿರ ಇನ್ನೇನು ದಬಾಯಿಸುವುದು!

ಮಾರನೆಯ ವಾರದಿಂದ ಅವರ ಫೋನ್ ಶುರುವಾಯಿತು. ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ, ಜರ್ಮನಿಯಲ್ಲಿ ಎಂಎಸ್ ಮಾಡಬೇಕಂತೆ. ನಮ್ಮ ಅಂಕಪಟ್ಟಿಗಳು ಅಸಲಿ ಎಂದು ಜರ್ಮನರು ಕೊಡುವ ಎಪಿಎಸ್ ಸರ್ಟಿಫಿಕೇಟಿಗೆ ಎಷ್ಟು ದಿನ ಬೇಕು, ವೀಸಾಕ್ಕಾಗಿ ಖರ್ಚಿನ ದುಡ್ಡು ಮೊದಲೇ ಇಡುವ ಬ್ಲಾಕ್ಡ್ ಅಕೌಂಟ್ ಯಾವ ಬ್ಯಾಂಕಿನದು ಒಳ್ಳೆಯದು, ರೂಮು ನಿಮ್ಮ ಮನೆಯ ಹತ್ತಿರ ಸಿಗುತ್ತದಾ. ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನನ್ನ ಲೆಕ್ಕದಲ್ಲಿ ನಾನು ಜೀವಮಾನದಲ್ಲಿ ಓದಿದ ಅತ್ಯಂತ ದುಬಾರಿ ಲೇಖನ ಅದೇ.

ಈಗ ಇಲ್ಲಿಯ ಕಥೆ ನೋಡಿ. ಈ ಏರ್ಪಾಡಿಗೆ ಸೇರಿದ ಲೈಬ್ರರಿಯ ಕಾರ್ಡ್ ಇದ್ದರೆ ಸಾಕು, ‘ಫೆರ್ನ್‌ಲೈಹೆ’ ಎಂಬ ಅಂತರ್‌ಗ್ರಂಥಾಲಯ ಎರವಲಿಗೆ ಅರ್ಜಿ ಹಾಕಬಹುದು, ಸಾಮಾನ್ಯವಾಗಿ ಒಂದು ಬೇಡಿಕೆಗೆ ಒಂದೂವರೆ ಯೂರೊ. ನನ್ನನ್ನು ಯಾರೂ ಯಾವ ಬ್ಯಾಚು ಅಂತ ಕೇಳಲಿಲ್ಲ. ಮಂಗನ ಕಾಯಿಲೆಯೇ ಯಾಕೆ ಅಂತಲೂ ಕೇಳಲಿಲ್ಲ. ಕೆಲವು ದಿನ ಬಿಟ್ಟು ಪ್ರತಿ ಬಂದಿದೆ ಅಂತ ಇಮೇಲ್ ಬಂತು. ಕೋಷ್ಟಕ ಇಡಿಯಾಗಿತ್ತು; ಒಂದು ಪುಟ ಮಾತ್ರ ಮಸುಕಾಗಿದ್ದನ್ನು ತೋರಿಸಿದಾಗ ಕೌಂಟರಿನ ಹೆಂಗಸು ಸಾರಿ ಅಂದು, ಅದೊಂದನ್ನು ಮತ್ತೆ ತರಿಸಿದರು. ಇದೇ ನೋಡಿ ನನ್ನನ್ನು ತಟ್ಟಿದ್ದು. ಒಂದೂವರೆ ಯೂರೊದಲ್ಲಿ ಅವರ ಅಂಚೆ ಖರ್ಚೂ ಹುಟ್ಟುವುದಿಲ್ಲ, ಮಿಕ್ಕಿದ್ದು ತೆರಿಗೆಯವರ ದುಡ್ಡು. ಆದರೆ ಆ ಚಿಲ್ಲರೆಯ ಬಲದಿಂದ ನಾನು ‘ಈ ಪುಟ ಸರಿ ಬಂದಿಲ್ಲ’ ಅಂತ ತಲೆ ಎತ್ತಿ ಹೇಳಬಹುದು. ಊರಲ್ಲಿ ಹೆಬ್ಬೆರಳಿಗೂ ಥ್ಯಾಂಕ್ಸ್ ಹೇಳಿ ಬಂದವನು ನಾನು.

ನಮ್ಮಲ್ಲಿ ಏರ್ಪಾಡೇ ಇಲ್ಲ ಅಂತೇನಲ್ಲ. ದೆಹಲಿಯ ನ್ಯಾಷನಲ್ ಮೆಡಿಕಲ್ ಲೈಬ್ರರಿಯಲ್ಲಿ ಶುಲ್ಕ ಕಟ್ಟಿ ಫೋಟೊಕಾಪಿ ಪಡೆಯುವ ಪದ್ಧತಿ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ 2003ರಲ್ಲೇ ‘ಹೆಲಿನೆಟ್’ ಕಟ್ಟಿ ತನ್ನ ಕಾಲೇಜುಗಳಿಗೆಲ್ಲ ಒಟ್ಟಾಗಿ ಜರ್ನಲ್ ತರಿಸಿತು. ದೇಶದಲ್ಲಿ ಅಂಥ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಬೆಂಗಳೂರಿನವರಿದ್ದರು, ಹೆಮ್ಮೆಯ ಮಾತೇ. ಡೆಲ್‌ನೆಟ್ ಎಂಬ ಜಾಲದಲ್ಲಿ ಲೈಬ್ರರಿಗಳು ತಮ್ಮತಮ್ಮೊಳಗೆ ಲೇಖನ ತರಿಸಿಕೊಳ್ಳುತ್ತವೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು: 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ. ದೊಡ್ಡ ಮೊತ್ತ, ಒಳ್ಳೆಯ ಕೆಲಸ.

ಆದರೆ ಆ ಸಂಸ್ಥೆಗಳೆಲ್ಲ ಸರ್ಕಾರದವು. ಬೀದಿಗೊಂದು ಖಾಸಗಿ ಮೆಡಿಕಲ್ ಕಾಲೇಜು ಇರುವ ಕರ್ನಾಟಕದಲ್ಲಿ ಎಷ್ಟು ಹುಡುಗರು ಹೊರಗುಳಿದರು ಅಂತ ನೀವೇ ಯೋಚಿಸಿ. ಇವೆಲ್ಲದರ ಹೊರಗೆ ಇನ್ನೊಬ್ಬರಿದ್ದಾರೆ: ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆಯಿಂದ ಜನ ಸತ್ತಾಗ ಮೊದಲು ರೋಗಿಯ ಮುಖ ನೋಡಿದವರು ಅಂಥವರೇ ತಾನೇ? ಅವರು ಯಾವ ಕಾಲೇಜಿನ ಲಾಗಿನ್ನಿಗೂ ಸೇರಿದವರಲ್ಲ. ಪ್ರಕಾಶಕರ ಪುಟದಲ್ಲೇ ಕೊಳ್ಳೋಣವೆಂದರೆ ಒಂದೊಂದು ಲೇಖನಕ್ಕೆ ಮೂವತ್ತು ನಲವತ್ತು ಡಾಲರ್. ಕಾನೂನು ಅಡ್ಡಿಯೇ ಅಂದರೆ ಅದೂ ಅಲ್ಲ. ಖಾಸಗಿ ಓದು, ಸಂಶೋಧನೆಗೆ ನ್ಯಾಯವಾಗಿ ಬಳಸಿಕೊಳ್ಳಲು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. (ಆ ಕಾಯ್ದೆಯದ್ದೂ 1957ರ ಹುಟ್ಟು, ಕಾಯಿಲೆ ಗೊತ್ತಾದ ವರ್ಷವೇ.) ಜಿಲ್ಲೆಗೊಂದು ಮೆಡಿಕಲ್ ಲೈಬ್ರರಿಯಲ್ಲಿ ಒಂದು ಕಿಟಕಿ ಇಡಿ. ಐವತ್ತು ರೂಪಾಯಿ ಫೋನ್‌ಪೇ ಮಾಡಿಸಿಕೊಳ್ಳಿ, ರಸೀದಿ ಹರಿದುಕೊಡಿ, ಯಾರು ಬಂದರೂ ಕೊಡಿ. ಫ್ರೀ ಸರ್ವಿಸ್ ಫಲಕ ಬೇಡ.

ಇದನ್ನು ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳಿಗೆ ಹೇಳಿದರೆ ಅವಳು ನಕ್ಕಳು. ಅವಳು ಒಂದು ಆಸ್ಪತ್ರೆಯ ಲೈಬ್ರರಿಯನ್. “ಅಣ್ಣ, ನಮ್ಮಲ್ಲಿ ಎಲ್ಲ ಪುಕ್ಕಟೆ ಮೇಲೇ ನಡೀತಿರೋದು” ಅಂದಳು. ಅಲ್ಲಿನ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1985ರಲ್ಲಿ ‘ಡಾಕ್‌ಲೈನ್’ ಅಂತ ಶುರುಮಾಡಿತು. ಒಂದು ಲೈಬ್ರರಿಯ ಬೇಡಿಕೆ, ಆ ಜರ್ನಲ್ ಇರುವ ಇನ್ನೊಂದು ಲೈಬ್ರರಿಗೆ ತಾನಾಗಿ ಹೋಗುತ್ತದೆ. ಅದರೊಳಗೆ ‘ಫ್ರೀಶೇರ್’ ಎಂಬ ಗುಂಪಿದೆ. ಸೇರಿದವರು ಒಬ್ಬರಿಗೊಬ್ಬರು ಬಿಲ್ ಹಾಕುವುದಿಲ್ಲ. ನಮ್ಮ ಕಡೆಯ ಮುಯ್ಯಾಳೇ ಸೈ: ನಾಳೆ ನಿನ್ನ ಗದ್ದೆಗೆ ನಾನು ಬರುತ್ತೇನೆ. ಬಿಲ್ ಬರೆದು, ವಸೂಲಿ ಮಾಡಿ, ಲೆಕ್ಕ ಇಡುವ ಖರ್ಚೇ ಲೇಖನದ ಬೆಲೆಗಿಂತ ಹೆಚ್ಚಾಗುತ್ತದೆ, ಸಣ್ಣ ಆಸ್ಪತ್ರೆಗೆ ಅದೆಲ್ಲ ಆಗುವ ಮಾತಲ್ಲ ಅಂತ ಅವಳ ವಾದ.

ಒಪ್ಪುತ್ತೇನೆ, ಅರ್ಧ. ಅಲ್ಲಿ ಪುಕ್ಕಟೆ ಎಂಬುದು ನಿಯಮ, ನಮ್ಮಲ್ಲಿ ಅದು ಕೃಪೆ. ಅವಳ ಪಟ್ಟಿಯಲ್ಲಿ ಯಾರ ಭಾವನೂ ಇಲ್ಲ. ಆದರೆ ಆ ಗುಂಪಿಗೆ ಸೇರಲೂ ಮೊದಲು ಒಂದು ಲೈಬ್ರರಿ ಇರಬೇಕಲ್ಲ! ಬಿಡಿ ಓದುಗರು ನೇರವಾಗಿ ಬೇಡಿಕೆ ಕಳಿಸಲು ‘ಲೋನ್ಸಮ್ ಡಾಕ್’ ಅಂತೊಂದಿತ್ತಂತೆ, 2018ರಲ್ಲಿ ಅದನ್ನು ನಿಲ್ಲಿಸಿದರು. ಆಸ್ಪತ್ರೆಗಳ ಲೈಬ್ರರಿಗಳೇ ಒಂದೊಂದಾಗಿ ಮುಚ್ಚುತ್ತಿವೆ ಅಂತ ಅವಳೇ ಗೊಣಗುತ್ತಿರುತ್ತಾಳೆ. ಯಾರ ಹೆಸರಿನಲ್ಲೂ ಆದಾಯ ತೋರಿಸದ ಕೋಣೆಯ ಮೇಲೆ ಮ್ಯಾನೇಜ್‌ಮೆಂಟಿನವರ ಕಣ್ಣು ಬೀಳದೆ ಇರುತ್ತದಾ?

ಹಾಗಂತ ಜರ್ಮನರ ಪದ್ಧತಿಯೂ ಹೊಗಳುವ ಹಾಗೆ ಪೂರ್ತಿ ಇಲ್ಲ, ಇದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ಒಂದೂವರೆ ಯೂರೊ ಲೇಖನ ನನಗೆ ಸಿಕ್ಕಿದ್ದು ಕಾಗದದಲ್ಲಿ. ಎಲ್ಲಿಯೋ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಫ್ರೈಬುರ್ಗಿನ ಲೈಬ್ರರಿಗೆ ಕಳಿಸಿ, ಇಲ್ಲಿ ಅದನ್ನು ಪ್ರಿಂಟ್ ತೆಗೆದು, ಪಿನ್ ಹೊಡೆದು ಕೈಗಿಟ್ಟರು. ಫೈಲನ್ನೇ ಕೊಡಿ ಅಂದರೆ ಇಲ್ಲ. ಮನೆಗೆ ಬಂದು ನಾನು ಮತ್ತೆ ಸ್ಕ್ಯಾನ್ ಮಾಡಿದೆ. ಲೈಬ್ರರಿಗಳೆಲ್ಲ ಸೇರಿ ನಡೆಸುವ ‘ಸುಬಿಟೊ’ ಎಂಬ ದುಡ್ಡಿನ ಸೇವೆ ಇದೆ, ಅದರ ಮೇಲೆ ಪ್ರಕಾಶಕರು ಮೊಕದ್ದಮೆ ಹೂಡಿ 2007ರಲ್ಲಿ ಮ್ಯೂನಿಕ್ ಕೋರ್ಟಿನಲ್ಲಿ ಗೆದ್ದರು. 2008ರಲ್ಲಿ ಬಂದ ಕಾನೂನು, ಅಂಚೆಯಲ್ಲೋ ಫ್ಯಾಕ್ಸಿನಲ್ಲೋ ಕಳಿಸಿ ಅಂತ ಹೇಳಿತು. ಫ್ಯಾಕ್ಸ್! ಹತ್ತು ವರ್ಷ ಕಳೆದು 2018ರಲ್ಲಿ ಕಾನೂನು ಸಡಿಲವಾಯಿತು, ಕೌಂಟರಿನ ಅಭ್ಯಾಸ ಸಡಿಲವಾಗಿಲ್ಲ.

ಇನ್ನೂ ಒಂದಿದೆ. ಹೋದ ತಿಂಗಳು ಊರ ಕಡೆಯ ಆರೋಗ್ಯ ಕೇಂದ್ರದ ಡಾಕ್ಟರೊಬ್ಬರು, ಅಕ್ಕನ ಮನೆಯ ಪರಿಚಯದವರು, ಮಂಗನ ಕಾಯಿಲೆ ಲಸಿಕೆಯ ಬಗ್ಗೆ ಓದಲು ಏನಾದರೂ ಕೊಡಿ ಅಂತ ಕೇಳಿದರು. ಕರ್ನಾಟಕದಲ್ಲಿ 2005ರಿಂದ 2010ರವರೆಗೆ ಆ ಲಸಿಕೆ ಎಷ್ಟು ಫಲ ಕೊಟ್ಟಿತೆಂದು ನೋಡಿದ ಅಧ್ಯಯನ 2013ರಲ್ಲಿ ಮುಕ್ತ ಪತ್ರಿಕೆಯೊಂದರಲ್ಲಿ ಬಂದಿದೆ. ಲಿಂಕ್ ಕಳಿಸಿದೆ, ಅವರ ಮೊಬೈಲಿನಲ್ಲೇ ತೆರೆಯಿತು, ಯಾರ ಸಹಿಯೂ ಬೇಕಾಗಲಿಲ್ಲ. ಅಂಥ ಪುಕ್ಕಟೆಗೆ ನನ್ನ ತಕರಾರೇ ಇಲ್ಲ. ಆದರೆ ಅವರಿಗೆ ಹಳೆಯ ಲೇಖನವೊಂದೂ ಬೇಕಿತ್ತು. ಇಲ್ಲಿಯ ಕೌಂಟರಿನಲ್ಲಿ ವಿಚಾರಿಸಿದೆ. ಪ್ರತಿ ನಿಮ್ಮ ಸ್ವಂತ ಓದಿಗೆ ಮಾತ್ರ, ಇನ್ನೊಬ್ಬರಿಗೆ ಅಂತ ತರಿಸಿಕೊಡಲು ಬರುವುದಿಲ್ಲ ಅಂದರು. ಸುಬಿಟೊದಲ್ಲಿ ಜರ್ಮನ್ ಮಾತಾಡುವ ದೇಶಗಳಿಂದ ಆಚೆಯವರಿಗೆ ದರಪಟ್ಟಿಯೇ ಬೇರೆ. ನಗುತ್ತಲೇ ಹೇಳಿದರು, ನಿಯಮ ಒಂದಿಂಚು ಅಲುಗಾಡಲಿಲ್ಲ.

ಕೊನೆಗೆ ನಾಚಿಕೆ ಬಿಟ್ಟು ಭಾವನ ‘ನಮ್ಮೋರಿ’ಗೇ ಫೋನ್ ಮಾಡಿದೆ. ಅವರು ಭಾನುವಾರ ಲೈಬ್ರರಿಯ ಬೀಗ ತೆಗೆಸಿ, ಈ ಸಲ ಫೋನಿನ ಸ್ಕ್ಯಾನರ್ ಆ್ಯಪ್‌ನಲ್ಲಿ, ಡಾಕ್ಟರಿಗೆ ನೇರವಾಗಿ ಕಳಿಸಿದರು. ಬೆರಳು ಕಾಣಲಿಲ್ಲವಂತೆ. ಹಾಗಿದ್ದರೂ ಕಿಟಕಿ, ಐವತ್ತು ರೂಪಾಯಿ, ರಸೀದಿ ಎಂಬ ನನ್ನ ಹಟ ನಾನು ಬಿಟ್ಟಿಲ್ಲ, ಯಾಕೆಂದರೆ ಎಲ್ಲ ಡಾಕ್ಟರಿಗೂ ಸಾಗರದಲ್ಲಿ ಒಬ್ಬ ಭಾವ ಇರುವುದಿಲ್ಲ. ಆ ‘ನಮ್ಮೋರ’ ಮಗನಿಗೆ ಎಪಿಎಸ್ ಬಂದಿದೆ. ಅಕ್ಟೋಬರಿಗೆ ಬರುತ್ತಾನಂತೆ, ರೂಮು ಹುಡುಕುತ್ತಿದ್ದೇನೆ.